ಪಣಂಬೂರಿನ ಧಕ್ಕೆಯೂ ಹಡಗಿನ ಸಿಂಬೆಯೂ

ಧಕ್ಕೆ ಎಂಬ ಮಾತಿಗೆ ನಮ್ಮ ನುಡಿಯಲ್ಲಿ ಎರಡು ಅರ್ಥಗಳುಂಟು. ತಾಗುವಿಕೆ, ಪೆಟ್ಟು, ಹಾನಿ ಎಂಬುದು ಮೊದಲನೆಯದು. ಇದನ್ನು ಎಲ್ಲ ಸೀಮೆಯವರೂ ಬಲ್ಲರು. ಹಡಗು ದೋಣಿಗಳು ಬಂದು ತಂಗಿ ಸರಕನ್ನು ಇಳಿಸುವ ಕಟ್ಟೆ ಎಂಬುದು ಎರಡನೆಯದು. ಇದು ಕರಾವಳಿಯವರ ಬಳಕೆ. ಮರಾಠಿಯಲ್ಲಿಯೂ ಈ ಎರಡೂ ಅರ್ಥಗಳು ಒಂದೇ ಮಾತಿನಲ್ಲಿ ಅಡಗಿರುವುವು. ಮುಂಬಯಿಯ ಭಾವೂಚಾ ಧಕ್ಕಾ ಎಂಬ ಹೆಸರನ್ನು ಅಲ್ಲಿಗೆ ಹೋಗಿಬಂದವರು ಕೇಳಿಯೇ ಇರುವರು. ಒಂದೇ ಶಬ್ದಕ್ಕೆ ಈ ಎರಡು ಅರ್ಥಗಳು ಕೂಡಿಬಂದುದು ಬಹಳ ಉಚಿತವಾಗಿದೆ. ಹಡಗು ಕಟ್ಟೆಯನ್ನು ಸೇರುವುದೆಂದರೆ ಕಟ್ಟೆಯನ್ನು ತಾಗುವುದೆಂದೇ ಅರ್ಥ. ತಾಗದೆ ಸೇರುವಂತಿಲ್ಲ, ತಾಗಿದರೆ ಒಡೆಯುವ ಭಯ. ಈ ಇಕ್ಕಟ್ಟಿನ ನಡುವೆ ನಿಂತು ಎರಡು ಪಕ್ಷವನ್ನೂ ಕಾಪಾಡುವ ಒಂದು ಕರಿಯ, ಒರಟಾದ, ಯಾರ ಕಣ್ಣಿಗೂ ಬೀಳದ ವಸ್ತುವಿನ ವಿಷಯವನ್ನು ಈ ಲೇಖನದಲ್ಲಿ ವಾಚಕರಿಗೆ ಅರಿಕೆಮಾಡಬೇಕೆಂದಿದ್ದೇನೆ. ಇಂಗ್ಲಿಷಿನಿಂದ ಬಂದ ಫೆಂಡರು ಎಂಬ ಹೆಸರೇ ಬಂದರಿನಲ್ಲಿ ಅದಕ್ಕೆ ಸಲ್ಲುತ್ತದೆ. ನಮ್ಮ ಗೃಹಿಣಿಯರು ಕೊಡದ ಕೆಳಗೆ ಇಡುವ ಸಿಂಬೆಯ ಕೆಲಸವನ್ನೇ ಅದು ಮಾಡುವುದರಿಂದ ಹಡಗಿನ ಸಿಂಬೆಯೆಂದರೂ ತಪ್ಪಾಗದು.

ಮಂಗಳೂರಿನ ಹಳೆಯ ಬಂದರು ನೇತ್ರಾವತಿ, ಗುರುಪುರ ನದಿಗಳು ಸೇರಿ ಕಡಲಿಗೆ ಬೀಳುವ ಅಳಿವೆಯೊಳಗೆ ಇದೆ. ಅಳಿವೆಯ ಬಾಯಲ್ಲಿ ಮರಳಿನ ದಿಬ್ಬವಿರುವುದರಿಂದ ದೊಡ್ಡ ಹಡಗುಗಳು ಹಿಂದಿನ ಕಾಲದಲ್ಲಿ ದೂರದಲ್ಲಿಯೇ ಲಂಗರು ಹಾಕಿ ನಿಲ್ಲುತ್ತಿದ್ದುವು. ಸರಕನ್ನು ಸಣ್ಣ ನಾವೆಗಳಿಗೆ ಇಳಿಸಿ ದಡಕ್ಕೆ ತರುತ್ತಿದ್ದರು. ಮಳೆಗಾಲ ಬಂತೆಂದರೆ ಆ ವ್ಯವಹಾರವೂ ನಿಲ್ಲುತ್ತಿತ್ತು. ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಕಟ್ಟಡದ ಸಾಮಗ್ರಿಗಳನ್ನು ಒಯ್ಯುವ ಮಂಜಿಗಳು ಈಗಲೂ ಈ ಹಳೆಯ ಧಕ್ಕೆಯಿಂದಲೇ ಹೊರಡುತ್ತವೆ. ಮೀನುಗಾರರ ದೋಣಿಗಳಂತೂ ಇಲ್ಲಿ ಒಂದಕ್ಕೊಂದು ಒತ್ತಿಕೊಂಡು, ಒಂದರ ಪಕ್ಕೆ ಇನ್ನೊಂದರ ಪಕ್ಕೆಗೆ ಉಜ್ಜುತ್ತ ನಿಂತಿರುವುವು. ಅವುಗಳ ನಡುವೆ ತೂಗುವ ಹಳೆಯ ಲಾರಿಯ ಟಯರುಗಳೇ ಅಲ್ಲಿನ ಬಡವರ ಫೆಂಡರುಗಳು.

ಹೊಸ ಬಂದರನ್ನು ನೋಡಬೇಕಾದರೆ ನಗರದಿಂದ ಉತ್ತರಕ್ಕೆ 66ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಹಿಡಿದು, ಕೂಳೂರಿನಲ್ಲಿ ಗುರುಪುರ ನದಿಯನ್ನು ದಾಟಿ ಪಣಂಬೂರಿಗೆ ಹೋಗಬೇಕು. ಇದು ಪ್ರಕೃತಿಯು ಕೊಟ್ಟ ಬಂದರಲ್ಲ. ಮನುಷ್ಯನು ಅಗೆದು ಮಾಡಿದ್ದು. ದಡದ ಭೂಮಿಯನ್ನು ತೋಡಿ ಸರೋವರದಂತೆ ಒಂದು ಜಲಾಶಯವನ್ನು ರಚಿಸಿ, ಬಾಯಿಯ ಎರಡು ಕಡೆಗಳಲ್ಲಿಯೂ ಕಲ್ಲಿನ ಅಲೆತಡೆಗಳನ್ನು ಕಡಲೊಳಕ್ಕೆ ಚಾಚಿ, ಹಡಗುಗಳು ಬರುವ ದಾರಿಯನ್ನು ಆಳವಾಗಿ ತೋಡಿದ್ದಾರೆ. 1974ನೆಯ ಇಸವಿ ಮೇ 4ರಂದು ಇದು ದೇಶದ ಒಂಬತ್ತನೆಯ ಪ್ರಧಾನ ಬಂದರೆಂದು ಘೋಷಿತವಾಯಿತು. 1975ರ ಜನವರಿ 11ರಂದು ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಇದನ್ನು ಉದ್ಘಾಟಿಸಿದರು. ಇದಕ್ಕಾಗಿ ಮನೆ ಜಮೀನುಗಳನ್ನು ಬಿಟ್ಟುಕೊಟ್ಟ ಸಂಸಾರಗಳು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನೆಲೆಸಿದುವು. ಕುದುರೆಮುಖದ ಕಬ್ಬಿಣದ ಅದಿರು ಕೊಳವೆಯ ಮೂಲಕ ಇಲ್ಲಿಗೆ ಹರಿದುಬಂದು ಹಡಗನ್ನು ಏರುತ್ತಿದ್ದ ಕಾಲವೊಂದಿತ್ತು; ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2005ರ ಕೊನೆಗೆ ಆ ಗಣಿ ನಿಂತಿತು. ಕಚ್ಚಾ ಎಣ್ಣೆ, ಅಡಿಗೆಯ ಅನಿಲ, ಕಲ್ಲಿದ್ದಲು, ಖಾದ್ಯತೈಲ ಇವು ಇಲ್ಲಿ ಇಳಿಯತಕ್ಕ ಸರಕುಗಳು. ನಮ್ಮ ಕೊಡಗು ಚಿಕ್ಕಮಗಳೂರುಗಳ ಕಾಫಿಯು ಇಲ್ಲಿಂದ ಹೊರದೇಶಗಳಿಗೆ ಹೋಗುತ್ತದೆ.

ಬಂದರಿನೊಳಕ್ಕೆ ಅಪ್ಪಣೆಯಿಲ್ಲದೆ ಪ್ರವೇಶವಿಲ್ಲ. ನನ್ನ ಬಳಿ ರಘುವಂಶವನ್ನು ಓದಿದ್ದ ಶಿಷ್ಯನೊಬ್ಬನು ಇಂಜಿನಿಯರನಾಗಿ ಧಕ್ಕೆಗಳ ದುರಸ್ತಿಯ ಕೆಲಸದಲ್ಲಿರುವುದರಿಂದ ಅವನ ಮೂಲಕ ಆ ಅನುಕೂಲ ಒದಗಿತು. ನಾವು ಧಕ್ಕೆಯ ಮೇಲೆ ನಿಂತಿದ್ದಾಗ ಸರಕು ತುಂಬಿದ ಹಡಗೊಂದು ಬಾಯಿಯನ್ನು ದಾಟಿ ಒಳಗೆ ಬರುತ್ತಿತ್ತು. ಹೊರಗಿನಿಂದ ಬಂದ ಕಪ್ತಾನನು ಎಷ್ಟೇ ಅನುಭವಸ್ಥನಾಗಿದ್ದರೂ ಬಂದರಿನ ಪೈಲಟನು ಹಡಗನ್ನೇರಿ ದಾರಿ ತೋರಿಸಬೇಕು. ಅಷ್ಟು ಇಕ್ಕಟ್ಟಿನಲ್ಲಿ ಆ ದೊಡ್ಡ ಒಡಲು ತಾನಾಗಿಯೇ ತಿರುಗಲಾರದು. ಗಿಡ್ಡನೆಯ, ಬಲಿಷ್ಠವಾದ ಟಗ್ಗುಗಳು ಅದನ್ನು ಹಿಂದಿನಿಂದ ಎಳೆದು, ಪಕ್ಕದಿಂದ ನೂಕಿ, ಕಟ್ಟೆಗೆ ಸಮಾನಾಂತರವಾಗಿ ತಂದು ನಿಲ್ಲಿಸುವುವು. ಮದದಾನೆಯನ್ನು ಎರಡು ಕುಮ್ಕಿ ಆನೆಗಳು ನಡುವೆ ಹಾಕಿಕೊಂಡು ಕೊಟ್ಟಿಗೆಗೆ ತರುವ ಚಿತ್ರವೇ ಅದು.

“ಮಾಸ್ಟ್ರೇ, ಹಡಗು ಎಷ್ಟು ಮೆಲ್ಲಗೆ ಬರುತ್ತಿದೆ ನೋಡಿದಿರಾ?” ಎಂದು ಶಿಷ್ಯನು ಕೇಳಿದನು.

“ಇಷ್ಟು ಮೆಲ್ಲಗೆ ಬಂದರೆ ತಾಗಿದುದೇ ತಿಳಿಯಲಾರದಲ್ಲ!” ಎಂದೆನು.

ಅವನು ನಕ್ಕು, ಜೇಬಿನಿಂದ ಕಾಗದವೊಂದನ್ನು ತೆಗೆದು ಲೆಕ್ಕ ಬರೆದು ತೋರಿಸಿದನು. ಸರಕು ಸಹಿತ 50,000 ಟನ್ ಭಾರದ ಹಡಗೊಂದು ಸೆಕೆಂಡಿಗೆ 10 ಸೆಂಟಿಮೀಟರಿನಂತೆ, ಎಂದರೆ ಇರುವೆಯನ್ನು ಹಿಂಬಾಲಿಸುವ ಶಿಶುವಿನ ನಡಿಗೆಗಿಂತಲೂ ಮಂದವಾಗಿ, ಕಟ್ಟೆಯ ಕಡೆಗೆ ಸರಿಯುತ್ತಿದೆಯೆನ್ನಿ. ಅದರೊಳಗಿನ ಚಲನಶಕ್ತಿಯು 25 ಟನ್ ತೂಕದ ಲಾರಿಯನ್ನು ಒಂದು ಮೀಟರ್ ಎತ್ತರದಿಂದ ಕೆಡವಿದಷ್ಟು. ವೇಗವು ಇಮ್ಮಡಿಯಾಗಿ 20 ಸೆಂಟಿಮೀಟರಾದರೆ ಶಕ್ತಿಯು ಇಮ್ಮಡಿಯಲ್ಲ, ನಾಲ್ಮಡಿಯಾಗುವುದು. ಆಗ 100 ಟನ್ ಕೆಡವಿದಂತೆ. ಇದರ ಮೇಲೆ ಹಡಗಿನೊಡನೆ ಸುತ್ತಲಿನ ನೀರೂ ಸಾಗಿಬಂದು ನೂಕುವುದರಿಂದ ಭಾರವು ಇನ್ನಷ್ಟು ಹೆಚ್ಚುತ್ತದೆ. ಹಡಗು ನೇರವಾಗಿ ತಾಗದೆ ಒಂದು ಕೊನೆಯಿಂದ ಓರೆಯಾಗಿ ತಾಗಿದರೆ ಅದು ಗಿರಕಿ ತಿರುಗುವುದರಲ್ಲಿ ಸ್ವಲ್ಪ ಶಕ್ತಿ ವ್ಯಯವಾಗುತ್ತದೆ. ಇವೆಲ್ಲವನ್ನೂ ಕೂಡಿ ಕಳೆದು, ಗಾಳಿಯ ಹೊಡೆತಕ್ಕೋ ಯಂತ್ರದ ದೋಷಕ್ಕೋ ಎಂದು ಎರಡರಷ್ಟರವರೆಗೂ ಹೆಚ್ಚಳವನ್ನು ಸೇರಿಸಿ, ಫೆಂಡರಿನ ಪ್ರಮಾಣವನ್ನು ನಿಶ್ಚಯಿಸುತ್ತಾರೆ.

ಈ ಶಕ್ತಿಯನ್ನು ಏನು ಮಾಡಬೇಕೆಂಬುದೇ ಪ್ರಶ್ನೆ. ಗಟ್ಟಿಯಾದ ಕಾಂಕ್ರೀಟು ಅದನ್ನು ಒಂದು ಸೆಂಟಿಮೀಟರಿನೊಳಗೆ ತಡೆದು ನಿಲ್ಲಿಸಲು ಹೊರಟರೆ ಸರಾಸರಿ ಸುಮಾರು 2,500 ಟನ್ನಿನ ಒತ್ತಡ ಬೀಳುವುದು. ಕಟ್ಟೆಯೋ ಹಡಗೋ ಎರಡರಲ್ಲಿ ಒಂದು ಮುರಿದಂತೆಯೇ ಸರಿ. ಅದೇ ಶಕ್ತಿಯನ್ನು ಅರ್ಧ ಮೀಟರ್ ಹಿಂದಕ್ಕೆ ಕುಗ್ಗುತ್ತ ತೆಗೆದುಕೊಂಡರೆ ಒತ್ತಡವು ಸುಮಾರು 50 ಟನ್ನಿಗೆ ಇಳಿಯುತ್ತದೆ. ಎಸೆದ ತೆಂಗಿನಕಾಯನ್ನು ಹಿಡಿಯುವವನು ಕೈಗಳನ್ನು ಹಿಂದಕ್ಕೆ ಎಳೆದುಕೊಳ್ಳುವುದೂ ಇದೇ ಯುಕ್ತಿಯಿಂದಲೇ. ಬಾಗುವುದು ಸೋಲಲ್ಲ, ಬಾಗುತ್ತ ತಡೆಯುವುದೇ ಬಲ ಎಂಬುದನ್ನು ನೀತಿಶಾಸ್ತ್ರದಲ್ಲಿ ಎಷ್ಟೋ ಸಲ ಪಾಠ ಹೇಳಿದ್ದೆನು. ಅದರ ಲೆಕ್ಕವನ್ನು ಅಂಕಿಗಳಲ್ಲಿ ಕಂಡದ್ದು ಇಲ್ಲಿಯೇ.

ಹಿಂದಿನವರಿಗೆ ಈ ತತ್ತ್ವ ತಿಳಿಯದೆ ಇರಲಿಲ್ಲ. ನಮ್ಮ ಪಶ್ಚಿಮ ಸಮುದ್ರದಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಹಡಗು ಕಟ್ಟುತ್ತಿದ್ದರು. ಅಂತಹ ಒಡಲು ಪೆಟ್ಟು ಬಿದ್ದಾಗ ಸ್ವಲ್ಪ ಬಳುಕಿ ಉಳಿದುಕೊಳ್ಳುತ್ತಿತ್ತು. ಆ ಪದ್ಧತಿಯಲ್ಲಿಯೇ ಕಟ್ಟಿದ ಕೌಂಡಿನ್ಯವೆಂಬ ಹಡಗು 2025ರ ಮೇ 21ರಂದು ನಮ್ಮ ಕಾರವಾರದಲ್ಲಿ ನೌಕಾಪಡೆಯನ್ನು ಸೇರಿತು. ಕಟ್ಟೆಗಳ ಮುಂದೆ ಮರದ ಕಂಬಗಳನ್ನು ನೆಡುವುದೂ, ಹಳೆಯ ಹಗ್ಗಗಳನ್ನು ಹೆಣೆದು ದಿಂಬು ಮಾಡಿ ಹಡಗಿನ ಪಕ್ಕಕ್ಕೆ ಇಳಿಬಿಡುವುದೂ ಹಳೆಯ ರೂಢಿಗಳು. ಆದರೆ ಮರವು ಮುರಿಯುತ್ತದೆ, ಹಗ್ಗವು ಕೊಳೆಯುತ್ತದೆ. ರಬ್ಬರಾದರೋ ಕುಗ್ಗಿ ಮತ್ತೆ ತನ್ನ ರೂಪಕ್ಕೆ ಬರುತ್ತದೆ.

ಹಸಿಯ ರಬ್ಬರಿಗೆ ಈ ಗುಣ ಸಾಲದು; ಅದು ಬೇಸಗೆಯಲ್ಲಿ ಅಂಟಾಗಿ, ಚಳಿಯಲ್ಲಿ ಪೆಡಸಾಗುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬಾತನು ಗಂಧಕವನ್ನು ಬೆರಸಿ ಕಾಯಿಸಿದರೆ ಈ ದೋಷ ತೊಲಗುವುದೆಂದು ಕಂಡುಹಿಡಿದನು. ದ್ವಿಜನಾಗಲು ಸಂಸ್ಕಾರ ಬೇಕೆನ್ನುವಂತೆ ರಬ್ಬರಿಗೆ ಗಂಧಕವೂ ಅಗ್ನಿಯೂ ಸೇರಿ ಮಾಡುವ ಸಂಸ್ಕಾರವಿದು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬಾತನು ಬ್ರೆಜಿಲಿನಿಂದ ಸುಮಾರು 70,000 ಬೀಜಗಳನ್ನು ಲಂಡನಿನ ಕ್ಯೂ ತೋಟಕ್ಕೆ ಸಾಗಿಸಿದನು. ಅಲ್ಲಿ ಮೊಳೆತ ಸಸಿಗಳು ಸಿಂಹಳಕ್ಕೂ ಪೂರ್ವದೇಶಗಳಿಗೂ ಬಂದುವು. ನಮ್ಮ ಜಿಲ್ಲೆಯ ಸುಳ್ಯ, ಪುತ್ತೂರು, ಬೆಳ್ತಂಗಡಿಗಳ ಕಡೆಯಲ್ಲಿ ಈಗ ರಬ್ಬರು ತೋಟಗಳು ಹಬ್ಬಿವೆ. 1964ರ ಭಾರತ ಸಿಂಹಳ ಒಪ್ಪಂದದಂತೆ ಹಿಂದಿರುಗಿದ ತಮಿಳು ಕೂಲಿಕಾರ ಸಂಸಾರಗಳಿಗೆ ಜೀವನಾಧಾರವಾಗಲೆಂದು ಅರಣ್ಯ ಅಭಿವೃದ್ಧಿ ನಿಗಮದವರು ಸುಳ್ಯ, ಪುತ್ತೂರುಗಳಲ್ಲಿ ತೋಟಗಳನ್ನು ಎಬ್ಬಿಸಿದರು. ಬೆಳಗಿನ ಜಾವಕ್ಕೆ ತೊಗಟೆಯನ್ನು ಕೆತ್ತಿ, ಕರಟದಲ್ಲಿ ಹಾಲನ್ನು ಹಿಡಿದು, ಆಮ್ಲ ಹಾಕಿ ಹೆಪ್ಪುಗಟ್ಟಿಸಿ, ಹಾಳೆ ಮಾಡಿ ಹೊಗೆಮನೆಯಲ್ಲಿ ಒಣಗಿಸುವ ಆ ಕೆಲಸವನ್ನು ಕಂಡವರು ಧಕ್ಕೆಯ ಕರಿಯ ಫೆಂಡರನ್ನು ಬೇರೆಯ ಕಣ್ಣಿನಿಂದ ನೋಡುವರು.

ಇನ್ನು ಆಯ್ಕೆಯ ವಿಷಯ. ಫೆಂಡರುಗಳಲ್ಲಿ ಹಲವು ಜಾತಿಗಳಿವೆ. ನಡುವೆ ಟೊಳ್ಳಾಗಿ ಉರುಳೆಯ ಆಕಾರದಲ್ಲಿರುವುವನ್ನು ಸರಪಳಿಯಿಂದ ತೂಗುಬಿಡುತ್ತಾರೆ. ಸಣ್ಣ ಧಕ್ಕೆಗಳಿಗೆ ಇವು ಅಗ್ಗವೂ ಸುಲಭವೂ ಆಗಿವೆ. ಇಂಗ್ಲಿಷಿನ ‘ಡಿ’ ಅಕ್ಷರದಂತಿರುವುವನ್ನು ದೋಣಿಗಳ ಅಂಚಿಗೂ ಸಣ್ಣ ಕಟ್ಟೆಗಳಿಗೂ ಬೋಲ್ಟು ಹಾಕಿ ಬಿಗಿಯುತ್ತಾರೆ. ಕಮಾನಿನಂತಿರುವುವು ಗೋಡೆಗೆ ಅಂಟಿಕೊಂಡು ನಿಲ್ಲತಕ್ಕವು. ದೊಡ್ಡ ಹಡಗುಗಳಿಗೆ ಡೋಲಿನಂತೆ ಅಥವಾ ಮೊಟಕಾದ ಶಂಕುವಿನಂತೆ ಇರುವುವು ಬೇಕು. ಇವುಗಳ ಮುಂದೆ ಉಕ್ಕಿನ ಫಲಕವನ್ನು ನಿಲ್ಲಿಸಿ, ಅದಕ್ಕೆ ನುಣುಪಾದ ಪ್ಲಾಸ್ಟಿಕ್ಕಿನ ಹೊದಿಕೆಯನ್ನು ತೊಡಿಸುತ್ತಾರೆ. ಹಡಗು ಅಲೆಗೆ ಮೇಲೆ ಕೆಳಗೆ ಉಜ್ಜಿದಾಗ ಆ ಹೊದಿಕೆ ಜಾರಗೊಡುತ್ತದೆ, ರಬ್ಬರು ಹರಿಯುವುದಿಲ್ಲ. ಗಾಳಿ ತುಂಬಿ ನೀರಿನಲ್ಲಿ ತೇಲುವ ಜಾತಿಯೊಂದುಂಟು. ನಡುಗಡಲಿನಲ್ಲಿ ಒಂದು ಹಡಗಿನಿಂದ ಇನ್ನೊಂದಕ್ಕೆ ಎಣ್ಣೆಯನ್ನು ಸಾಗಿಸುವಾಗ ಇದು ನಡುವೆ ಇರತಕ್ಕದ್ದು.

ಕೊಳ್ಳುವವರು ಮೊದಲು ಕೇಳಿಕೊಳ್ಳಬೇಕಾದದ್ದು ಬೆಲೆಯನ್ನಲ್ಲ. ಈ ಧಕ್ಕೆಗೆ ಬರುವ ಅತಿ ದೊಡ್ಡ ಹಡಗು ಯಾವುದು, ಅತಿ ಚಿಕ್ಕದು ಯಾವುದು? ದೊಡ್ಡದಕ್ಕೆಂದು ಬಹಳ ಗಡುಸಾದುದನ್ನು ತಂದರೆ ಚಿಕ್ಕ ಹಡಗಿಗೆ ಅದು ಗೋಡೆಯೇ ಆಗುವುದು. ನೀರಿನ ಏರಿಳಿತ ಎಷ್ಟು? ಮಂಗಳೂರಿನಲ್ಲಿ ಇದು ಎರಡು ಮೀಟರಿನೊಳಗೆ. ಗುಜರಾತಿನ ಭಾವನಗರದಲ್ಲಾದರೋ ಹಲವು ಆಳಿನಷ್ಟು. ತುಂಬಿದ ಹಡಗು ಇಳಿತದಲ್ಲಿರುವಾಗಲೂ, ಬರಿದಾದ ಹಡಗು ಭರತದಲ್ಲಿರುವಾಗಲೂ ಫೆಂಡರು ಅದರ ಪಕ್ಕೆಗೆ ಸಿಕ್ಕಬೇಕು. ಹಡಗಿನ ತಗಡು ಚದರ ಮೀಟರಿಗೆ ಎಷ್ಟು ಒತ್ತಡವನ್ನು ತಾಳೀತು? ಅದಕ್ಕೆ ತಕ್ಕಂತೆ ಫಲಕವು ಅಗಲವಾಗಿರಬೇಕು. ಬಿಸಿಲಿಗೆ ರಬ್ಬರು ಮೆತ್ತಗಾಗುವುದನ್ನೂ ನಮ್ಮ ದೇಶದಲ್ಲಿ ಲೆಕ್ಕಕ್ಕೆ ಹಿಡಿಯಬೇಕು.

ರಬ್ಬರಿನ ಗುಣಪರೀಕ್ಷೆ ಇದೆಲ್ಲಕ್ಕಿಂತ ಸೂಕ್ಷ್ಮ. ಒಳ್ಳೆಯ ರಬ್ಬರಿಗೆ ಕಾಡಿಗೆಯಂತಹ ಇಂಗಾಲದ ಪುಡಿಯನ್ನು ಸೇರಿಸುತ್ತಾರೆ, ಬಣ್ಣಕ್ಕಾಗಿಯಲ್ಲ, ಗಟ್ಟಿತನಕ್ಕಾಗಿ. ಲಾಭದಾಸೆಯವರು ಅದರ ಬದಲಾಗಿ ಸುಣ್ಣದ ಕಲ್ಲಿನ ಪುಡಿಯನ್ನೂ, ಹಳೆಯ ಟಯರಿನಿಂದ ತೆಗೆದ ರಬ್ಬರನ್ನೂ ಹೆಚ್ಚಾಗಿ ತುಂಬುವುದುಂಟು. ಕಣ್ಣಿಗೆ ಎರಡೂ ಒಂದೇ ಕಪ್ಪು. ಕಲ್ಲಿನ ಪುಡಿ ಸೇರಿದುದು ತೂಕದಲ್ಲಿ ಹೆಚ್ಚಾಗಿರುವುದರಿಂದ ಅರಿಯದವನು ಅದನ್ನೇ ಗಟ್ಟಿಯೆಂದು ಮೆಚ್ಚುವನು. ಪ್ರಯೋಗಶಾಲೆಯಲ್ಲಿ ಒಂದು ಚೂರನ್ನು ಸುಟ್ಟು ನೋಡಿದರೆ ಸತ್ಯ ಹೊರಬೀಳುವುದು: ಇಂಗಾಲವು ಉರಿದುಹೋಗುತ್ತದೆ, ಕಲ್ಲಿನ ಪುಡಿಯು ಬೂದಿಯಾಗಿ ಉಳಿಯುತ್ತದೆ. ಚಿನ್ನಕ್ಕೆ ಒರೆಗಲ್ಲು ಹೇಗೋ ಇದಕ್ಕೆ ಆ ಬೂದಿಯೇ ಹಾಗೆ. ಇಡಿಯ ಫೆಂಡರನ್ನು ಯಂತ್ರದಲ್ಲಿ ಒತ್ತಿ, ಎಷ್ಟು ಕುಗ್ಗಿತು, ಎಷ್ಟು ತಡೆಯಿತು ಎಂಬುದನ್ನು ಕೊಳ್ಳುವವರ ಎದುರಿನಲ್ಲಿಯೇ ಅಳೆಯಿಸುವುದು ಉತ್ತಮ. ಭಾರತೀಯ ಮಾನಕ 4651ರ ಮೂರನೆಯ ಭಾಗವು ಬಂದರಿನ ಕಟ್ಟಡಗಳ ಮೇಲೆ ಬೀಳುವ ಇಂತಹ ಭಾರಗಳ ವಿಷಯವನ್ನು ವಿಧಿಸುತ್ತದೆ.

ಟಗ್ಗಿನ ಫೆಂಡರಿನ ಪಾಡು ಧಕ್ಕೆಯದಕ್ಕಿಂತ ಕಠಿಣ. ಧಕ್ಕೆಗೆ ಹಡಗು ತಾಗುವುದು ಒಮ್ಮೆ. ಟಗ್ಗು ದಿನವೂ ಹಲವು ಹಡಗುಗಳಿಗೆ ಮೂತಿಯನ್ನು ಒತ್ತಿ, 50 ಟನ್ನಿನಷ್ಟು ಬಲದಿಂದ ನೂಕುತ್ತ, ಅಲೆಗೆ ಏರಿಳಿಯುತ್ತ ಉಜ್ಜುತ್ತಲೇ ಇರುವುದು. ಆದುದರಿಂದ ಅದರ ರಬ್ಬರು ಸವೆತಕ್ಕೂ ಹರಿತಕ್ಕೂ ಜಗ್ಗದಂತಿರಬೇಕು. ಒತ್ತಡ ಹಂಚಿಹೋಗುವಂತೆ ಮೂತಿಯು ಅಗಲವಾಗಿರಬೇಕು. ಬೋಲ್ಟಿನ ತಲೆಗಳು ರಬ್ಬರಿನೊಳಗೆ ಆಳವಾಗಿ ಹುದುಗಿರಬೇಕು, ಇಲ್ಲವಾದರೆ ಅವು ಹಡಗಿನ ಮೈಯನ್ನು ಉಳುವುವು. ದೊಡ್ಡ ಹಡಗುಗಳ ಪಕ್ಕದಲ್ಲಿ ಟಗ್ಗು ಒತ್ತಬೇಕಾದ ಸ್ಥಳವನ್ನು ಬಣ್ಣದಿಂದ ಗುರುತಿಸಿರುತ್ತಾರೆ. ಅಲ್ಲಿ ಮಾತ್ರ ಒಳಗೆ ಬಲವಾದ ಪಕ್ಕೆಲುಬುಗಳಿರುವುವು.

ಸಂರಕ್ಷಣೆಯ ವಿಷಯದಲ್ಲಿ ಶಿಷ್ಯನು ಹೇಳಿದ ಮಾತು ನನಗೆ ಬಹಳ ಹಿಡಿಸಿತು. “ಮಾಸ್ಟ್ರೇ, ರಬ್ಬರು ಸಾಯುವುದು ಅಪರೂಪ. ಸಾಯುವುದು ಅದನ್ನು ಹಿಡಿದಿರುವ ಕಬ್ಬಿಣ.” ಉಪ್ಪುಗಾಳಿಗೆ ಸರಪಳಿ, ಕೊಂಡಿ, ಬೋಲ್ಟುಗಳು ಮೊದಲು ಕರಗುತ್ತವೆ. ಕಲಾಯಿಯ ಬೋಲ್ಟಿಗೂ ತುಕ್ಕುಹಿಡಿಯದ ಉಕ್ಕಿಗೂ ನೇರ ಸಂಬಂಧ ಬೆಳಸಿದರೆ ಕಡಲ ನೀರಿನಲ್ಲಿ ಒಂದು ಇನ್ನೊಂದನ್ನು ತಿಂದುಹಾಕುವುದು. ನಡುವೆ ವಿದ್ಯುತ್ತನ್ನು ತಡೆಯುವ ತೊಡಿಕೆಯಿರಬೇಕು. ರಬ್ಬರಿನ ಮೇಲ್ಮೈಯಲ್ಲಿ ಬಿಸಿಲಿಗೂ ಗಾಳಿಯ ಓಜೋನಿಗೂ ಮೂಡುವ ಕೂದಲೆಳೆಯಂತಹ ಬಿರುಕುಗಳಿಗೆ ಅಂಜಬೇಕಾಗಿಲ್ಲ. ಆದರೆ ಬಿರುಕಿನಿಂದ ತುಕ್ಕಿನ ಕೆಂಪುನೀರು ಇಳಿಯುತ್ತಿದ್ದರೆ ಒಳಗಿನ ಉಕ್ಕಿನ ತಗಡಿಗೆ ನೀರು ಮುಟ್ಟಿತೆಂದು ತಿಳಿಯಬೇಕು, ಅದನ್ನು ಬದಲಾಯಿಸತಕ್ಕದ್ದು. ಎಣ್ಣೆ ಬಿದ್ದರೆ ಸಾಬೂನಿನ ನೀರಿನಿಂದ ತೊಳೆಯಬೇಕು; ಸೀಮೆಎಣ್ಣೆ ತಾಗಿದರೆ ರಬ್ಬರು ಉಬ್ಬಿ ಕೆಡುವುದು. ಹತ್ತಿರದಲ್ಲಿ ಬೆಸುಗೆಯ ಕಿಡಿ ಹಾರಿಸಬಾರದು. ಮೀಸಲಿಗೆ ಇಟ್ಟ ಫೆಂಡರುಗಳನ್ನು ನೆರಳಿನಲ್ಲಿ, ವಿದ್ಯುತ್ ಮೋಟಾರುಗಳಿಂದ ದೂರದಲ್ಲಿ ಇಡಬೇಕು. ಮೋಟಾರಿನ ಕಿಡಿಗಳಿಂದಲೂ ಓಜೋನು ಹುಟ್ಟುತ್ತದೆ. ಗಾಳಿ ತುಂಬಿದ ಜಾತಿಯಲ್ಲಿ ಒತ್ತಡವನ್ನು ಪ್ರತಿ ಬಳಕೆಗೆ ಮೊದಲು ನೋಡಬೇಕು.

ಇದೆಲ್ಲ ಬಂದರಿನವರ ಚಿಂತೆ, ನಮಗೇನು ಎಂದು ವಾಚಕರು ಕೇಳಬಹುದು. ಈ ಕರಾವಳಿಯಲ್ಲಿ ಸಣ್ಣ ಧಕ್ಕೆಯೊಂದಿದೆ. ಅದರ ಹೆಸರು ಇಲ್ಲಿ ಬೇಡ. ಫೆಂಡರಿನ ಒಂದು ಕೊಂಡಿ ಸವೆದಿದೆಯೆಂದು ಅಲ್ಲಿನ ಖಲಾಸಿಗಳು ಎರಡು ಮಳೆಗಾಲ ಹೇಳುತ್ತ ಬಂದರು. ಮುಂದಿನ ವರ್ಷದ ಖರ್ಚಿನಲ್ಲಿ ನೋಡೋಣವೆಂಬ ಉತ್ತರವೇ ಬಂದಿತು. ಒಂದು ಸಂಜೆ ಕೊಂಡಿ ತುಂಡಾಗಿ ಫೆಂಡರು ನೀರು ಪಾಲಾಯಿತು. ಮರುದಿನ ಬಂದ ದೋಣಿಗೆ ಪೆಟ್ಟಾಗಬಾರದೆಂದು ಇಪ್ಪತ್ತೆರಡು ವರ್ಷದ ಹುಡುಗನೊಬ್ಬನು ಹಳೆಯ ಟಯರನ್ನು ಕೈಯಲ್ಲಿಯೇ ಹಿಡಿದು ನಡುವೆ ಇಳಿಸಲು ಬಾಗಿದನು. ದೋಣಿ ಅಲೆಗೆ ಎದ್ದು ಕಟ್ಟೆಗೆ ಒರಗಿತು. ಅವನ ಬಲಗೈಯ ಮೂರು ಬೆರಳುಗಳು ಹೋದುವು. ನಾನು ಆ ಹುಡುಗನನ್ನು ಕಂಡಿದ್ದೇನೆ. ಅವನು ಈಗ ಎಡಗೈಯಲ್ಲಿ ಬಲೆ ಹೆಣೆಯುವುದನ್ನು ಕಲಿತಿದ್ದಾನೆ. ಒಂದು ಕೊಂಡಿಯ ಬೆಲೆ ಅವನ ಒಂದು ದಿನದ ಕೂಲಿಗಿಂತ ಹೆಚ್ಚಿರಲಿಲ್ಲ.

ಹಡಗಿನ ಪಕ್ಕೆ ಒಡೆದರೆ ಎಣ್ಣೆ ಕಡಲಿಗೆ ಹರಿದು ಮೀನುಗಾರರ ಅನ್ನಕ್ಕೆ ಕಲ್ಲು ಬೀಳುವುದು. ಅನಿಲದ ಹಡಗಿಗೆ ಆಘಾತವಾದರೆ ಆಗಬಹುದಾದುದನ್ನು ಹೇಳಬೇಕಾಗಿಲ್ಲ. ನಮ್ಮ ಅಡಿಗೆಮನೆಯ ಒಲೆಯಲ್ಲಿ ಉರಿಯುವ ನೀಲಿಜ್ವಾಲೆಯಲ್ಲಿ ಬಹುಭಾಗ ಹಡಗಿನಲ್ಲಿ ಬಂದು, ಈ ಕರಿಯ ದಿಂಬಿಗೆ ಮೆಲ್ಲನೆ ಒರಗಿ, ಇಳಿದದ್ದೇ ಆಗಿದೆ.

ದೋಣಿಯನ್ನಿಟ್ಟುಕೊಂಡ ಗೃಹಸ್ಥರು ಈ ಪತ್ರಿಕೆಯ ವಾಚಕರಲ್ಲಿ ಇದ್ದರೆ ಅವರಿಗೆ ಎರಡು ಮಾತು. ಟಯರುಗಳನ್ನು ತೂಗಬಿಡುವವರು ಅವುಗಳ ಕೆಳಭಾಗದಲ್ಲಿ ತೂತುಗಳನ್ನು ಕೊರೆಯಿಸಬೇಕು. ಇಲ್ಲವಾದರೆ ಮಳೆಯ ನೀರು ನಿಂತು ಡೆಂಗ್ಯೂ ಜ್ವರದ ಸೊಳ್ಳೆಗಳಿಗೆ ತೊಟ್ಟಿಲಾಗುವುದು. ಯಂತ್ರದ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲಿಗಿಳಿಯದೆ ನಿಲ್ಲುವುವಷ್ಟೆ. ಬಲೆಯನ್ನೂ ಯಂತ್ರವನ್ನೂ ಸರಿಪಡಿಸುವ ಆ ಬಿಡುವಿನಲ್ಲಿಯೇ ಫೆಂಡರಿನ ಹಗ್ಗ, ಸರಪಳಿ, ಬೋಲ್ಟುಗಳ ಮೇಲೂ ಕೈಯಾಡಿಸಬೇಕು. ಸವೆದದ್ದನ್ನು ಬದಲಾಯಿಸಬೇಕು. ಖಲಾಸಿಯು ಬಂದು “ಇದು ಈ ಮಳೆಗೆ ನಿಲ್ಲುವುದಿಲ್ಲ, ಧಣಿಗಳೇ” ಎಂದರೆ, ಆ ಮಾತನ್ನು ಆ ದಿನವೇ ಕೇಳಬೇಕು.